ಮೂರು ಅಂಕಿ ಕೊಡಿ, ಸಾಕು

“ನಿನ್ನ ಒಂದು ಗಂಟೆಯ ಬೆಲೆ ಎಷ್ಟು ಅಂತ ಯಾವತ್ತಾದ್ರೂ ಲೆಕ್ಕ ಹಾಕಿದೀಯಾ?”

ಮನೆಯಲ್ಲಿ ಕೂತು ಏನನ್ನಾದರೂ ರಿಪೇರಿ ಮಾಡುವ ಐಟಿ ಮಂದಿ ಒಂದಲ್ಲ ಒಂದು ಸಲ ಈ ಪ್ರಶ್ನೆ ಕೇಳಿಸಿಕೊಂಡೇ ಇರ್ತಾರೆ. ಕೇಳುವವರು ಕೆಟ್ಟವರೇನಲ್ಲ. ಸಂಬಳವನ್ನು ತಿಂಗಳ ಗಂಟೆಗಳಿಂದ ಭಾಗಿಸಿ, ಬಂದ ಮೊತ್ತವನ್ನು ನಮ್ಮ ಮುಂದಿಟ್ಟು, “ಎರಡು ಗಂಟೆ ಕೂತು ಇಪ್ಪತ್ತು ರೂಪಾಯಿಯ ಬಿಲ್ಲೆ ಕತ್ತರಿಸೋ ಬದಲು ಹೊಸದು ತಗೊಂಡ್ಬಿಡು ಮಾರಾಯ” ಅಂತ ಪ್ರೀತಿಯಿಂದಲೇ ಹೇಳ್ತಾರೆ. ಆ ಲೆಕ್ಕ ತಪ್ಪು ಅನ್ನೋದು ನನ್ನ ವಾದ. ಅದನ್ನ ತೋರಿಸೋದಕ್ಕೆ ನನ್ನ ಹತ್ತಿರ ಇರೋದು ಹೆಚ್ಚೂಕಡಿಮೆ ಒಂದು ರೂಪಾಯಿ ನಾಣ್ಯದಷ್ಟೇ ಇರುವ, ನಡುವೆ ತೂತಿರುವ, ಒಂದು ಮಿಲಿಮೀಟರ್ ದಪ್ಪದ ಬಿಲ್ಲೆ. ಮೀನು ಹಿಡಿಯುವ ರೀಲಿನ ಡ್ರ್ಯಾಗ್ ವಾಷರ್.

ರೀಲ್ ಅಂದ ಕೂಡಲೇ ಮೊಬೈಲ್ ನೆನಪಾದವರಿಗೆ ಒಂದು ವಿವರಣೆ. ಇದು ಗಾಳದ ಕೋಲಿಗೆ ಸಿಕ್ಕಿಸುವ ರಾಟೆ. ದಾರ ಸುತ್ತಿಕೊಳ್ಳೋದು ಇದರ ಅರ್ಧ ಕೆಲಸ. ಇನ್ನರ್ಧ ಕೆಲಸ ದಾರವನ್ನು ಹದವಾಗಿ ಬಿಟ್ಟುಕೊಡೋದು. ದೊಡ್ಡ ಮೀನು ಗಾಳ ಕಚ್ಚಿ ಓಡುವಾಗ ದಾರವನ್ನು ಬಿಗಿಹಿಡಿದರೆ ಅದು ಪಟ್ ಅಂತ ಕಿತ್ತುಹೋಗತ್ತೆ. ಪೂರ್ತಿ ಸಡಿಲ ಬಿಟ್ಟರೆ ಮೀನು ಸುಸ್ತಾಗಲ್ಲ, ದಾರವೆಲ್ಲ ಖಾಲಿ. ಇವೆರಡರ ನಡುವಿನ ಹದವನ್ನು ಕಾಯುವ ಬ್ರೇಕಿಗೆ ಡ್ರ್ಯಾಗ್ ಅಂತ ಹೆಸರು. ಬೈಕ್ ಓಡಿಸುವವರಿಗೆ ಇದು ಹೊಸದಲ್ಲ; ನಿಮ್ಮ ಕ್ಲಚ್ ಒಳಗೂ ಇಂಥದೇ ತಟ್ಟೆಗಳ ಪೇರಿಕೆ ಇದೆ. ಒಂದು ಲೋಹದ ತಟ್ಟೆ, ಒಂದು ಮೆದು ಬಿಲ್ಲೆ, ಮತ್ತೆ ಲೋಹ, ಮತ್ತೆ ಬಿಲ್ಲೆ. ಮೇಲಿನ ತಿರುಪು ಬಿಗಿ ಮಾಡಿದಷ್ಟೂ ಅವು ಒಂದನ್ನೊಂದು ಒತ್ತುತ್ತವೆ. ಮೆದು ಬಿಲ್ಲೆ ಸವೆಯುತ್ತೆ. ಸವೆಯೋದೇ ಅದರ ಕೆಲಸ.

ಈಗ ತಗಾದೆಗೆ ಬರ್ತೀನಿ. ನನ್ನ ಹತ್ತಿರ ಒಂಬತ್ತು ವರ್ಷದ ರೀಲ್ ಇದೆ. ಗೇರ್ ಗಟ್ಟಿಯಾಗಿದೆ, ಬೇರಿಂಗ್ ಸದ್ದು ಮಾಡಲ್ಲ, ಹಿಡಿಕೆ ಅಲ್ಲಾಡಲ್ಲ. ಕರಾವಳಿಯ ಬಂಡೆಗಳ ಮೇಲೆ ಉಪ್ಪುನೀರು ಕುಡಿದು ಕುಡಿದು ಡ್ರ್ಯಾಗಿನ ಫೆಲ್ಟ್ ಬಿಲ್ಲೆಗಳು ಮಾತ್ರ ಹಪ್ಪಳದ ಹಾಗೆ ಚಪ್ಪಟೆಯಾಗಿ ಗಟ್ಟಿಯಾದವು. ಕಂಪನಿಯ ಸರ್ವಿಸ್‌ಗೆ ಬರೆದೆ. ಉತ್ತರ ತುಂಬ ಸಭ್ಯವಾಗಿತ್ತು: ಆ ಮಾಡೆಲ್ ನಿಂತಿದೆ, ಬಿಡಿಭಾಗ ಇಲ್ಲ, ಹೊಸ ಮಾಡೆಲ್ ಮೇಲೆ ರಿಯಾಯಿತಿ ಇದೆ. ಸರಿ ಸ್ವಾಮಿ, ಬಿಲ್ಲೆ ಬೇಡ, ಅದರ ಅಳತೆಯನ್ನಾದರೂ ಕೊಡಿ, ನಾನೇ ಮಾಡ್ಕೊಳ್ತೀನಿ ಅಂದೆ. ಹೊರವ್ಯಾಸ, ಒಳವ್ಯಾಸ, ದಪ್ಪ. ಮೂರೇ ಅಂಕಿ. ಅದನ್ನ ಹಂಚಿಕೊಳ್ಳುವ ಹಾಗಿಲ್ಲವಂತೆ.

ಆ ಕಂಪನಿಯ ಹೆಸರು ಬರೆಯಲ್ಲ, ಯಾಕಂದ್ರೆ ಹೆಸರು ಬದಲಾಯಿಸಿದರೂ ಈ ಕತೆ ಬದಲಾಗಲ್ಲ. ನಿಮ್ಮ ಮನೆಯ ಇಯರ್‌ಫೋನು, ಟ್ರಿಮ್ಮರು, ವ್ಯಾಕ್ಯೂಮ್ ಕ್ಲೀನರು, ಯಾವುದನ್ನಾದರೂ ಈ ಜಾಗದಲ್ಲಿ ಇಟ್ಟು ನೋಡಿ. ಇಡೀ ಯಂತ್ರ ಚೆನ್ನಾಗಿರತ್ತೆ, ಸವೆಯಲೆಂದೇ ಇಟ್ಟ ಒಂದು ಚೂರು ಸವೆದಿರತ್ತೆ, ಆ ಚೂರು ಎಲ್ಲೂ ಸಿಗಲ್ಲ.

ಇದು ಹೀಗೇ ಇರಬೇಕು ಅನ್ನುವವರು ಅಡುಗೆಮನೆಗೆ ಹೋಗಿ ಕುಕ್ಕರ್ ನೋಡಲಿ. ಗ್ಯಾಸ್ಕೆಟ್ ಸಡಿಲವಾದರೆ ನಾವು ಕುಕ್ಕರ್ ಎಸೀತೀವಾ? ಬೀದಿ ಕೊನೆಯ ಪಾತ್ರೆ ಅಂಗಡಿಗೆ ಹೋಗಿ “ಮೂರು ಲೀಟರಿಂದು ಕೊಡಿ” ಅಂತೀವಿ. ಅಂಗಡಿಯವನು ಗೋಡೆಯ ಮೊಳೆಯಿಂದ ಒಂದನ್ನು ತೆಗೆದು ಕೊಡ್ತಾನೆ. ಅಮ್ಮನಿಗೆ ಮದುವೇಲಿ ಬಂದ ಕುಕ್ಕರ್ ಇವತ್ತಿಗೂ ಕೂಗ್ತಾ ಇದ್ದರೆ ಅದಕ್ಕೆ ಕಾರಣ ಅದರ ಅಲ್ಯೂಮಿನಿಯಂ ಗಟ್ಟಿಯಾಗಿರೋದು ಮಾತ್ರ ಅಲ್ಲ. ಸವೆಯುವ ಭಾಗವನ್ನು ಬೀದಿಯ ಅಂಗಡಿಯಲ್ಲಿ ಮಾರುವ ಏರ್ಪಾಡು ಇರೋದು. ಅದು ಇಲ್ಲದ ವಸ್ತುವನ್ನು ನಾವು ಕೊಂಡಿಲ್ಲ, ಬಾಡಿಗೆಗೆ ತಂದಿದ್ದೀವಿ. ಬಾಡಿಗೆಯ ಅವಧಿ ಆ ಬಿಲ್ಲೆ ಸವೆಯುವ ತನಕ. ಕಾಗದದಲ್ಲಿ ಎಲ್ಲೂ ಹಾಗೆ ಬರೆದಿರಲ್ಲ, ಅಷ್ಟೇ.

ಈಗ ಆ ಗಂಟೆಯ ಲೆಕ್ಕ. ಅದು ನಿಜವಾಗಬೇಕಾದರೆ ನಾನು ಬಿಲ್ಲೆ ಕತ್ತರಿಸದೆ ಉಳಿಸಿದ ಆ ಎರಡು ಗಂಟೆಗೆ ಯಾರಾದರೂ ಸಂಬಳ ಕೊಡಬೇಕು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನನಗೆ ಯಾರೂ ದುಡ್ಡು ಕೊಡಲ್ಲ. ನಿಮಗೆ ಕೊಡ್ತಾರಾ? ಆ ಗಂಟೆಯನ್ನ ನಾವು ಮೊಬೈಲ್ ತಿಕ್ಕುತ್ತಾ ಕಳೀತೀವಿ. ಹೊಸ ರೀಲ್ ತರಿಸಿದರೂ ಆ ಸಮಯ ಉಳಿಯಲ್ಲ: ನಲವತ್ತು ರಿವ್ಯೂ ನೋಡಬೇಕು, ಮೂರು ತಾಣಗಳಲ್ಲಿ ಬೆಲೆ ಹೋಲಿಸಬೇಕು, ಡೆಲಿವರಿ ಹುಡುಗ ಬರೋದನ್ನ ಕಾಯಬೇಕು. ಹೀಗೆ ಕೊಳ್ಳೋದಕ್ಕೆ ಹಾಕುವ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಮಾಡೋದಕ್ಕೆ ಹಾಕುವ ಗಂಟೆಗೆ ಮಾತ್ರ ಬಿಲ್ ಹರಿಯೋದು. ಇದೆಂಥ ಅಕೌಂಟಿಂಗ್ ಸ್ವಾಮಿ?

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಅದು ಎಂಜಿನಿಯರ್‌ಗಳು ಮಾಡಿದ ಸೂಕ್ಷ್ಮ ಭಾಗ, ಮನೇಲಿ ಮಾಡಿದರೆ ಕೆಡತ್ತೆ ಅನ್ನೋದು. ಸರಿ, ಅದರೊಳಗೆ ಏನು ರಹಸ್ಯ ಇದೆ ನೋಡೋಣ.

ಡ್ರ್ಯಾಗಿನ ಹಿಡಿತವನ್ನು ನಿರ್ಧರಿಸೋದು ನಾಲ್ಕು ಸಂಗತಿ: ಎಷ್ಟು ಬಿಗಿಯಾಗಿ ಒತ್ತಿದ್ದೀರಿ, ಬಿಲ್ಲೆ ಯಾವ ವಸ್ತುವಿನದು, ಉಜ್ಜುವ ಜಾಗ ನಡುವಿನಿಂದ ಎಷ್ಟು ದೂರ ಇದೆ, ಎಷ್ಟು ಬಿಲ್ಲೆ ಪೇರಿಸಿದ್ದೀರಿ. ಒಂದರ ಬದಲು ಮೂರು ಬಿಲ್ಲೆ ಇದ್ದರೆ ಹಿಡಿತ ಸುಮಾರು ಮೂರು ಪಟ್ಟು. ಬಿಲ್ಲೆ ಅಗಲವಾದಷ್ಟೂ ಹಿಡಿತ ಜಾಸ್ತಿ ಅಂತ ತುಂಬ ಜನ ನಂಬಿದ್ದಾರೆ. ಬರೀ ಅಗಲದಿಂದ ಘರ್ಷಣೆ ಹೆಚ್ಚಲ್ಲ, ಪಿಯುಸಿ ಭೌತಶಾಸ್ತ್ರದಲ್ಲೇ ಇದು ಬರತ್ತೆ. ಅಗಲದಿಂದ ಆಗುವ ಲಾಭ ಬೇರೆ: ಬಿಸಿ ಹರಡಿಕೊಳ್ಳತ್ತೆ, ಸವೆತ ನಿಧಾನವಾಗತ್ತೆ.

ಬಿಸಿ ಅಂದೆನಲ್ಲ, ಅದು ಸಣ್ಣ ವಿಷಯ ಅಲ್ಲ. 10 ಕೆಜಿ ತಡೆಯುವ ದಾರ ಇದ್ದರೆ ಡ್ರ್ಯಾಗನ್ನು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಹೊಂದಿಸೋದು ರೂಢಿ. 3 ಕೆಜಿ ಅಂತಿಟ್ಟುಕೊಳ್ಳಿ. ಒಂದು ಅಂಜಲ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ದಾರ ಎಳೆದರೆ ಆ ಪುಟ್ಟ ಪೇರಿಕೆಯೊಳಗೆ ಹುಟ್ಟುವ ಶಾಖ ಸುಮಾರು 150 ವ್ಯಾಟ್. 25 ವ್ಯಾಟಿನ ಸೋಲ್ಡರಿಂಗ್ ಐರನ್ ಆರು ಸೇರಿಸಿ ಒಂದು ನಾಣ್ಯವನ್ನು ಕಾಯಿಸಿದ ಹಾಗೆ. ಕಳಪೆ ಬಿಲ್ಲೆ ಅಲ್ಲೇ ಸೋಲೋದು.

ಆದರೆ ನಿಜವಾದ ಪರೀಕ್ಷೆ ಇರೋದು ಓಟದ ಮೊದಲ ಕ್ಷಣದಲ್ಲಿ. ನಿಂತ ವಸ್ತುವನ್ನು ಜಾರಿಸೋದಕ್ಕೆ ಬೇಕಾಗುವ ಬಲ, ಜಾರುತ್ತಿರೋದನ್ನ ಜಾರಿಸುತ್ತಲೇ ಇರೋದಕ್ಕೆ ಬೇಕಾಗುವುದಕ್ಕಿಂತ ಹೆಚ್ಚು. ಬೀರು ತಳ್ಳಿದವರಿಗೆಲ್ಲ ಇದು ಗೊತ್ತು. ಈ ಎರಡರ ನಡುವಿನ ಅಂತರ ದೊಡ್ಡದಾದರೆ ದಾರ ಜಗ್ಗಿ ಜಗ್ಗಿ ಬಿಡತ್ತೆ, ಒಂದು ಜಗ್ಗಿನಲ್ಲಿ ಕಿತ್ತುಹೋಗತ್ತೆ. ಅದೂ ಸಾಲದು ಅಂತ, ದಾರ ಹೊರಗೆ ಹೋದಷ್ಟೂ ಸುರುಳಿ ಸಣ್ಣದಾಗತ್ತೆ. ಸುರುಳಿಯ ವ್ಯಾಸ ಅರ್ಧಕ್ಕೆ ಇಳಿದರೆ ಅದೇ ಬಿಗಿತದಲ್ಲಿ ದಾರದ ಮೇಲಿನ ಎಳೆತ ಎರಡರಷ್ಟು: 3 ಕೆಜಿ ಇದ್ದದ್ದು 6 ಆಯ್ತು. ಜಗ್ಗುವ ಬಿಲ್ಲೆಗೆ ಅಲ್ಲಿ ಕ್ಷಮೆ ಇಲ್ಲ.

ರಹಸ್ಯ ಇಷ್ಟೇ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಡ್ರ್ಯಾಗಿನ ಇತಿಹಾಸವೇ ನನ್ನ ಪರವಾಗಿ ಸಾಕ್ಷಿ ಹೇಳತ್ತೆ. ನೂರು ವರ್ಷದ ಹಿಂದಿನ ಸಮುದ್ರದ ರೀಲುಗಳಲ್ಲಿ ಮೀನು ಓಡಿದರೆ ಹಿಡಿಕೆಯೇ ಹಿಂದಕ್ಕೆ ಗಿರಗಿರ ತಿರುಗಿ ಬೆರಳ ಗೆಣ್ಣು ಮುರೀತಿತ್ತು. ದಾರದ ಮೇಲೆ ತೊಗಲಿನ ಪಟ್ಟಿ ಇಟ್ಟು ಹೆಬ್ಬೆರಳಲ್ಲಿ ಒತ್ತೋದೇ ಬ್ರೇಕು. ರೀಲಿನ ಒಳಗೇ ತಟ್ಟೆಗಳ ಪೇರಿಕೆ ಇಟ್ಟು, ಹಿಡಿಕೆಯ ಬುಡದಲ್ಲಿ ನಕ್ಷತ್ರದಾಕಾರದ ತಿರುಪಿನಿಂದ ಬಿಗಿ ಮಾಡುವ ಯೋಚನೆ ವಿಲಿಯಂ ಬೋಶನ್ ಎಂಬ ಗಾಳಗಾರನದು. ಅದನ್ನು ಮಾಡಿಕೊಟ್ಟವನು ಬ್ರೂಕ್ಲಿನ್‌ನ ಕುಶಲಕರ್ಮಿ ಜೂಲಿಯಸ್ ವೋಂ ಹೋಫ್. 1913ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಬಳಿ ಬೋಶನ್ ಅಂಥ ರೀಲಿನಲ್ಲಿ 355 ಪೌಂಡಿನ, ಅಂದ್ರೆ 160 ಕೆಜಿ ದಾಟಿದ ಕತ್ತಿಮೀನು ಹಿಡಿದ. ರೀಲು ಬಿಡ್ತಾ ಇಲ್ಲ, ಇದು ದಾಖಲೆಯಲ್ಲಿರುವ ಮಾತು. ಅಂದರೆ ಇವತ್ತು ನಮಗೆ ಅಳತೆಯನ್ನೂ ಕೊಡದೆ ಬೀಗ ಹಾಕಿಟ್ಟಿರುವ ಈ ವಸ್ತು, ಬಳಸುವವನೊಬ್ಬ ತನ್ನ ಬೆರಳು ಉಳಿಸಿಕೊಳ್ಳೋದಕ್ಕೆ ಕಂಡುಕೊಂಡ ಉಪಾಯ.

ಹಾಗಾದರೆ ಮನೇಲಿ ಮಾಡೋದು ಹೇಗೆ? ಅಳತೆಯಿಂದ ಶುರು. ಒಂದು ವರ್ನಿಯರ್ ಕ್ಯಾಲಿಪರ್ ಬೇಕು. ಹಳೇ ಬಿಲ್ಲೆಯಿಂದ ಹೊರವ್ಯಾಸ, ಒಳವ್ಯಾಸ ತಗೊಳ್ಳಿ. ದಪ್ಪವನ್ನು ಮಾತ್ರ ಅದರಿಂದ ತಗೋಬೇಡಿ, ವರ್ಷಗಟ್ಟಲೆ ಒತ್ತಿಸಿಕೊಂಡು ಅದು ತೆಳ್ಳಗಾಗಿರತ್ತೆ. ಪೇರಿಕೆ ಕೂರುವ ಗುಂಡಿಯ ಆಳ ಅಳೆದು, ಅದರಲ್ಲಿ ಲೋಹದ ತಟ್ಟೆಗಳ ಒಟ್ಟು ದಪ್ಪ ಕಳೆದು, ಉಳಿದದ್ದನ್ನು ಮೆದು ಬಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ. ನನ್ನ ರೀಲಿಗೆ ಬಂದ ಉತ್ತರ 22, 8, 1. ಎಲ್ಲ ಮಿಲಿಮೀಟರ್. ಒಂದೊಂದು ಬಿಲ್ಲೆ 0.1 ಮಿಮೀ ದಪ್ಪವಾದರೂ ಮೂರಕ್ಕೆ 0.3 ಆಯ್ತು, ಆಗ ತಿರುಪು ಪೂರ್ತಿ ಸಡಿಲಿಸಿದರೂ ಡ್ರ್ಯಾಗ್ ಸಡಿಲ ಆಗಲ್ಲ. ತೆಳ್ಳಗಾದರೆ ತಿರುಪು ಕೊನೆ ಮುಟ್ಟಿದರೂ ಬಿಗಿ ಬರಲ್ಲ.

ಆಮೇಲೆ ವಸ್ತು. ಹಳೇ ಕಾಲದವರು ತೊಗಲು ಬಳಸ್ತಿದ್ರು, ಹದವಾಗಿ ಎಣ್ಣೆ ಕುಡಿಸಿದರೆ ಇವತ್ತಿಗೂ ಕೆಲಸ ಮಾಡತ್ತೆ. ಉಣ್ಣೆಯ ಫೆಲ್ಟ್ ಬಲು ನಯ, ಸಣ್ಣ ದಾರಕ್ಕೆ ಅದೇ ಒಳ್ಳೇದು. ಆದರೆ ಸ್ಟೇಷನರಿ ಅಂಗಡಿಯ ಬಣ್ಣದ ಫೆಲ್ಟ್ ಬೇಡ, ಅದು ಪಾಲಿಯೆಸ್ಟರ್, ಬಿಸಿಗೆ ಕರಗತ್ತೆ. ಟೆಫ್ಲಾನ್ ಹಾಳೆ ಎಸ್.ಪಿ. ರಸ್ತೆಯಲ್ಲೋ ಪೀಣ್ಯದಲ್ಲೋ ಚೂರುಪಾರು ಲೆಕ್ಕದಲ್ಲಿ ಸಿಗತ್ತೆ. ಜಗ್ಗಲ್ಲ, ಆದರೆ ಹಿಡಿತ ಕಡಿಮೆ, ಒತ್ತಿದಲ್ಲಿ ನಿಧಾನವಾಗಿ ಹರಡಿಕೊಳ್ಳತ್ತೆ. ಬಿಸಿಗೂ ಭಾರಕ್ಕೂ ಬಗ್ಗದೆ ನಿಲ್ಲೋದು ಘರ್ಷಣೆಗೆಂದೇ ನೇಯ್ದ ಕಾರ್ಬನ್ ನಾರಿನ ಹಾಳೆ. ಅದರಲ್ಲಿ ನಿಂತ ಘರ್ಷಣೆಗೂ ಜಾರುವ ಘರ್ಷಣೆಗೂ ಅಂತರ ತೀರ ಕಡಿಮೆ. ಡ್ರೋನ್ ಚೌಕಟ್ಟಿಗೆ ಬಳಸುವ ಹೊಳೆಯುವ ಕಾರ್ಬನ್ ಹಲಗೆ ಬೇರೆ ಜಾತಿ, ಅದನ್ನ ತರಬೇಡಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಂಜಿನ್ ಗ್ಯಾಸ್ಕೆಟ್‌ಗೆ ಕೊಡುವ ಒತ್ತಿದ ನಾರಿನ ಹಾಳೆಗಳಲ್ಲಿ ಇವತ್ತಿಗೂ ಅಸ್ಬೆಸ್ಟಾಸ್ ಇರುವಂಥವು ನಮ್ಮಲ್ಲಿ ಮಾರಾಟವಾಗ್ತವೆ. ಕತ್ತರಿಸಲು ಸುಲಭ, ಬಿಸಿ ತಡೆಯತ್ತೆ, ಅಗ್ಗ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರಲ್ಲ. ಅಸ್ಬೆಸ್ಟಾಸ್ ಇಲ್ಲ ಅಂತ ಹಾಳೆಯ ಮೇಲೆ ಅಚ್ಚಾಗಿರದಿದ್ದರೆ ಮುಟ್ಟಬೇಡಿ. ಕಾರ್ಬನ್ ಹಾಳೆಯನ್ನೂ ಒಣಗಿದ್ದಾಗ ಉಜ್ಜಬಾರದು, ನೀರು ಹಚ್ಚಿಯೇ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಲಿ.

ಕತ್ತರಿಸೋದರಲ್ಲಿ ಇರುವ ಗುಟ್ಟು ಒಂದೇ: ಎರಡೂ ವೃತ್ತಕ್ಕೆ ಒಂದೇ ಕೇಂದ್ರ. ಕೈವಾರದ ಮೊನೆ ಎತ್ತದೆ ಒಳಗಿನದನ್ನೂ ಹೊರಗಿನದನ್ನೂ ಎಳೆಯಿರಿ. ಮೊದಲು ಒಳ ತೂತು, ಆಗ ಹಿಡಿದುಕೊಳ್ಳೋದಕ್ಕೆ ಸುತ್ತ ಹಾಳೆ ಇರತ್ತೆ. ಚಪ್ಪಲಿ ಹೊಲಿಯುವವರು ಬೆಲ್ಟಿಗೆ ತೂತು ಹೊಡೆಯುವ ಟೊಳ್ಳು ಪಂಚ್ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಅಡಿಗೆ ಒಂದು ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇ ಏಟು. ಹೊರಗಿನ ವೃತ್ತವನ್ನು ಅರ್ಧ ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ, ನಾಲ್ಕೈದು ಬಿಲ್ಲೆಗಳನ್ನು ಒಟ್ಟಿಗೆ 8 ಮಿಮೀ ಬೋಲ್ಟಿಗೆ ಪೋಣಿಸಿ, ಎರಡು ಬದಿ ಪ್ಲೈವುಡ್ ತುಂಡಿಟ್ಟು ನಟ್ ಬಿಗಿದು, ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತಾ ಒದ್ದೆ ಮರಳು ಕಾಗದ ಹಿಡಿದರೆ ಎಲ್ಲವೂ ಒಂದೇ ಅಳತೆಗೆ ದುಂಡಗಾಗ್ತವೆ. ಕಿವಿ ಇರುವ ಲೋಹದ ತಟ್ಟೆಗಳು ಹಳೆಯವೇ ಸಾಕು. ಗೀರು ಬಿದ್ದಿದ್ದರೆ ಗಾಜಿನ ಮೇಲೆ 600 ನಂಬರಿನ ಕಾಗದ ಹಾಸಿ ಎಂಟು ಎಂಟಾಗಿ ಉಜ್ಜಿ ಸಮ ಮಾಡಿ. ಫೆಲ್ಟಿಗೆ ಗ್ರೀಸ್ ಪೂರ್ತಿ ಕುಡಿಸಬೇಕು, ಕಾರ್ಬನ್ನಿಗೆ ತೆಳ್ಳಗೆ ಸವರಿದರೆ ಸಾಕು. ಬೈಕಿನ ಚೈನಿಗೆ ಹಾಕುವ ಗ್ರೀಸ್ ಬೇಡ; ಡ್ರ್ಯಾಗಿಗೆಂದೇ ಬರುವ ಗ್ರೀಸಿನ ಒಂದು ಸಣ್ಣ ಡಬ್ಬಿ ಹತ್ತು ವರ್ಷ ಬರತ್ತೆ.

ಆಮೇಲೆ ಪರೀಕ್ಷೆ. ಏರ್‌ಪೋರ್ಟಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಎಲ್ಲರ ಮನೇಲೂ ಇದೆ. ದಾರದ ತುದಿಗೆ ಕಟ್ಟಿ ಎಳೆಯಿರಿ. ಜಾರಲು ಶುರುವಾದ ಕ್ಷಣದ ಅಂಕಿ ಮತ್ತು ಜಾರುತ್ತಿರುವಾಗಿನ ಅಂಕಿ ಹತ್ತಿರ ಹತ್ತಿರ ಇದ್ದರೆ ಗೆದ್ದಿರಿ. ಬಿಲ್ಲೆ ಚೆನ್ನಾಗಿದೆಯೋ ಇಲ್ಲವೋ ಅಂತ ಯಾವ ಬ್ರ್ಯಾಂಡಿನ ಮುದ್ರೆಯೂ ಹೇಳಬೇಕಾಗಿಲ್ಲ, ತಕ್ಕಡಿಯೇ ಹೇಳತ್ತೆ. “ಮನೇಲಿ ಮಾಡಿದ್ದು ನಂಬೋದು ಹೇಗೆ” ಅನ್ನುವವರಿಗೆ ನನ್ನ ಉತ್ತರ ಇದೇ. ಡಬ್ಬದಲ್ಲಿ ಬಂದದ್ದನ್ನ ನೀವು ತೂಗಿ ನೋಡಿದ್ದೀರಾ?

ಇಷ್ಟು ಹೇಳಿದ ಮೇಲೆ ನಮ್ಮ ಪಂಗಡದವರನ್ನೂ ಸ್ವಲ್ಪ ಬೈಯದೇ ಬಿಟ್ಟರೆ ತಪ್ಪಾಗತ್ತೆ. ಮನೇಲಿ ವಾಷರ್ ಮಾಡೋರಲ್ಲಿ ಒಂದು ಗುಂಪಿಗೆ ನಂಬರಿನ ಹುಚ್ಚು. ಇದ್ದ ಜಾಗದಲ್ಲೆಲ್ಲ ಕಾರ್ಬನ್ ತುರುಕಿ “ನನ್ನದು 12 ಕೆಜಿ ಡ್ರ್ಯಾಗ್” ಅಂತ ಎದೆ ತಟ್ಟಿಕೊಳ್ತಾರೆ. ದಾರ ತಡೆಯೋದು 8 ಕೆಜಿ, ರೀಲಿನ ಮೈ ಅಷ್ಟು ಭಾರಕ್ಕೆ ಸೊಟ್ಟಗಾಗತ್ತೆ, ಗೇರಿನ ಹಲ್ಲು ಉದುರತ್ತೆ. ಮಾರುತಿ 800ಕ್ಕೆ ಲಾರಿಯ ಹಾರ್ನ್ ಹಾಕಿದ ಹಾಗೆ. ಹದ ಕಾಯೋದಕ್ಕೆ ಇರುವ ಭಾಗವನ್ನು ಶಕ್ತಿ ಪ್ರದರ್ಶನಕ್ಕೆ ಬಳಸೋದು ರಿಪೇರಿಯಲ್ಲ, ಅದೂ ಒಂಥರಾ ಶಾಪಿಂಗೇ. ಹಾಗೆಯೇ ಬಿಡಿಭಾಗ ನ್ಯಾಯವಾದ ಬೆಲೆಗೆ ಅಂಗಡಿಯಲ್ಲಿ ಸಿಗುವಾಗಲೂ ಹಟಕ್ಕೆ ಕೂತು ಕತ್ತರಿಸಬೇಕಾಗಿಲ್ಲ. ಬಿಡಿಭಾಗ ಮಾರುವ ಕಂಪನಿಗಳಿವೆ. ನಮ್ಮ ದುಡ್ಡು ಮೊದಲು ಅವರಿಗೆ ಹೋಗಲಿ.

ಎಲ್ಲಕ್ಕಿಂತ ಮುಖ್ಯವಾದ ಬಾಧ್ಯಸ್ಥ ಈ ಜಗಳದಲ್ಲಿ ಮಾತೇ ಆಡಲ್ಲ: ಮೀನು. ಡ್ರ್ಯಾಗ್ ಕಚ್ಚಿ ದಾರ ಕಿತ್ತುಹೋದರೆ ನನಗೆ ಆಗುವ ನಷ್ಟ ಒಂದು ಗಾಳ, ಒಂದು ಕತೆ. ಮೀನಿಗೆ ಬಾಯಲ್ಲಿ ಕಬ್ಬಿಣ, ಹಿಂದೆ ಎಳೆದುಕೊಂಡು ಹೋಗುವ ಎಷ್ಟೋ ಮೀಟರ್ ನೈಲಾನ್. ಅದು ಬಂಡೆಗೆ ಸಿಕ್ಕಿಕೊಂಡರೆ ಅಲ್ಲೇ ಸಾವು. ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಇವತ್ತು ಐಯುಸಿಎನ್ ಕೆಂಪು ಪಟ್ಟಿಯ ಗಂಭೀರ ಅಪಾಯದ ವರ್ಗದಲ್ಲಿದೆ. ಒಂದು ಕಾಲದಲ್ಲಿ ದೇಶವಿದೇಶದ ಗಾಳಗಾರರು ಬರ್ತಿದ್ದ ಭೀಮೇಶ್ವರಿ, ಗಾಲಿಬೋರೆಯ ಆ ಅಭಯಾರಣ್ಯದ ಹೊಳೆಯಲ್ಲಿ ಈಗ ಗಾಳ ಹಾಕುವ ಹಾಗಿಲ್ಲ. ಸರಿಯಾದದ್ದೇ. ಗಾಳ ಹಾಕಬಹುದಾದ ಕಡೆ ಹಾಕುವವನಿಗೆ ಕನಿಷ್ಠ ಒಂದು ಹೊಣೆ ಇದೆ: ತನ್ನ ಬ್ರೇಕು ಸರಿ ಇರೋದು. ಸವೆದ ಬಿಲ್ಲೆಯಲ್ಲೇ “ಇನ್ನೊಂದು ಸೀಸನ್ ಓಡ್ಲಿ” ಅಂತ ತಳ್ಳುವವನೂ, ಬಿಲ್ಲೆ ಸಿಗದ ಹಾಗೆ ಮಾಡಿದ ಕಂಪನಿಯೂ ಆ ನೈಲಾನಿಗೆ ಸಮಪಾಲು ಹೊಣೆ. ಎಲ್ಲರೂ ಹೊಸ ರೀಲ್ ಕೊಳ್ಳಲ್ಲ. ಬಹುಪಾಲು ಜನ ಸವೆದದ್ದರಲ್ಲೇ ಮುಂದುವರೀತಾರೆ. “ಹೊಸದು ತಗೊಳ್ಳಿ” ಅನ್ನುವ ಉಪದೇಶದ ನಿಜವಾದ ಬೆಲೆ ಅಲ್ಲಿ ತೆರಲಾಗತ್ತೆ.

ಕಾನೂನು ಏನು ಹೇಳತ್ತೆ ಅಂತ ಕೇಳಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಗುರುತಿಸಿದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಒಳ್ಳೇ ಆರಂಭ. ಯುರೋಪ್ ಒಕ್ಕೂಟ 2024ರಲ್ಲಿ ರಿಪೇರಿ ಹಕ್ಕಿನ ನಿರ್ದೇಶನವನ್ನೇ ತಂದಿದೆ. ಪಟ್ಟಿಯಲ್ಲಿರುವ ವಸ್ತುಗಳಿಗೆ ಬೇರೆಯವರು ಮಾಡಿದ ಹೊಂದುವ ಬಿಡಿಭಾಗ ಬಳಸುವುದಕ್ಕೆ ತಯಾರಕ ಸುಮ್ಮಸುಮ್ಮನೆ ಅಡ್ಡಿ ಮಾಡುವಂತಿಲ್ಲ ಅನ್ನೋದು ಅದರಲ್ಲಿದೆ. ಮೀನಿನ ರೀಲು ಈ ಎರಡು ಪಟ್ಟಿಯಲ್ಲೂ ಇಲ್ಲ, ಸದ್ಯಕ್ಕೆ ಬರೋದೂ ಇಲ್ಲ. ಹೊಲಿಗೆ ಯಂತ್ರ, ಟೆಲಿಸ್ಕೋಪು, ಹಾರ್ಮೋನಿಯಂ ಹೀಗೆ ಪಟ್ಟಿಗೆ ಸೇರದ ಸಣ್ಣ ವಸ್ತುಗಳು ನೂರಾರಿವೆ. ಒಂದೊಂದಕ್ಕೂ ಕಾನೂನು ಬರಲಿ ಅಂತ ಕಾದರೆ ನಾವೇ ಸವೆದುಹೋಗ್ತೀವಿ.

ಹಾಗಾಗಿ ನನ್ನ ಬೇಡಿಕೆ ತುಂಬ ಸಣ್ಣದು. ಹತ್ತು ವರ್ಷ ಬಿಡಿಭಾಗ ಇಡಿ ಅಂತ ಕೇಳ್ತಾ ಇಲ್ಲ, ಪುಕ್ಕಟೆ ಕೊಡಿ ಅಂತಲೂ ಇಲ್ಲ. ಒಂದು ಮಾಡೆಲ್ ನಿಲ್ಲಿಸುವ ದಿನ, ಅದರಲ್ಲಿ ಸವೆಯುವ ಪ್ರತಿಯೊಂದು ಭಾಗದ ಅಳತೆಯನ್ನೂ ವಸ್ತುವನ್ನೂ ಒಂದು ಪುಟದಲ್ಲಿ ಬಹಿರಂಗ ಮಾಡಿ. ಕಂಪನಿಗೆ ಖರ್ಚು ಒಂದು ಪಿಡಿಎಫ್. ಮಿಕ್ಕಿದ್ದನ್ನ ಪೀಣ್ಯದ ಸಣ್ಣ ವರ್ಕ್‌ಶಾಪು, ಬೀದಿಯ ಅಂಗಡಿ, ಭಾನುವಾರದ ಮಧ್ಯಾಹ್ನ ನೋಡಿಕೊಳ್ಳತ್ತೆ. ಕುಕ್ಕರಿನವರಿಗೆ ಸಾಧ್ಯವಾದದ್ದು ಉಳಿದವರಿಗೆ ಯಾಕೆ ಆಗಲ್ಲ?

ಅಲ್ಲಿಯವರೆಗೆ ಅಳತೆ ನಾವೇ ತಗೊಳ್ಳೋಣ. ತಗೊಂಡದ್ದನ್ನ ಬರೆದಿಡೋಣ, ಮಾಡೆಲ್ ಹೆಸರಿನ ಸಮೇತ, ಇನ್ನೊಬ್ಬರಿಗೆ ಸಿಗುವ ಹಾಗೆ. ನನ್ನದು 22, 8, 1. ನಿಮ್ಮ ಮನೆಯಲ್ಲಿ ಒಂದು ಬಿಲ್ಲೆ ಸವೆದದ್ದಕ್ಕೆ ಮೂಲೆ ಸೇರಿರುವ ಯಂತ್ರ ಯಾವುದು?